ಬುಟ್ಟಿಯ ಕೆಳಗಿನ ಮರಿ

ಹುಮನಾಬಾದ ತಾಲ್ಲೂಕಿನ ಹುಡಗಿ ಎಂಬ ಊರಿನ ಅಂಚಿನಲ್ಲಿ ಧೂಳಮ್ಮನ ಹಂದಿ ದೊಡ್ಡಿ. ಅವಳ ಕರಿಹಂದಿ ಈದು ಐದು ದಿನವಾಗಿತ್ತು. ಒಂಬತ್ತು ಮರಿ. ಮೂರನೆಯ ದಿನದಿಂದ ಮರಿಗಳಿಗೆ ನೀರಿನಂಥ ಭೇದಿ. ಎರಡು ಸತ್ತೇ ಹೋದವು.

ಧೂಳಮ್ಮನ ತವರಿನಲ್ಲಿ ಒಂದು ರೂಢಿಯಿದೆ. ಮಗಳು ಗಂಡನ ಮನೆಗೆ ಹೋದಾಗ ಅವಳ ಹಿಂದೆ ತವರಿನ ಹಂದಿಯ ಒಂದು ಹೆಣ್ಣುಮರಿಯೂ ಹೋಗಬೇಕು. ಆ ಮರಿ, ಅದರ ಸಂತಾನ ಎಲ್ಲ ಅವಳದೇ. ಗಂಡನೂ ಕೇಳುವ ಹಾಗಿಲ್ಲ. ಧೂಳಮ್ಮನೂ ತವರೂರು ಘಾಟಬೋರಾಳದಿಂದ ಹಾಗೇ ಒಂದು ಮರಿಯನ್ನು ತಂದುಕೊಂಡಿದ್ದಳು. ಈಗ ಮಗಳು ಸಾಕ್ಷಿಯ ಲಗ್ನ ಬಸವಕಲ್ಯಾಣದ ಕಡೆ ಗೊತ್ತಾಗಿತ್ತು. ಕರಿಹಂದಿಗೆ ವಯಸ್ಸಾಗಿತ್ತು, ಇದೇ ಕೊನೆಯ ಸೂಲು. ಈ ಮರಿಗಳು ಹೋದರೆ ಅವ್ವ ಕೊಟ್ಟ ತಳಿಯೇ ಮುಗಿದಂತೆ.

ಸ್ವಸಹಾಯ ಸಂಘದ ಪರವಾಗಿ ಊರಿನ ಸಾಕುಪ್ರಾಣಿಗಳ ಆರೋಗ್ಯ ನೋಡಿಕೊಳ್ಳುವ ಪಶುಸಖಿ ರತ್ನಮಾಲಾಳಿಗೆ ಖಬರು ಮುಟ್ಟಿತು. "ನಾಳಿ ಮುಂಜಾನಿ ಡಾಕ್ಟರ್ ಸಾಹೇಬ್ರನ್ನ ಕರಕೊಂಡು ಬರ್ತೀನಿ ಮೌಶಿ" ಎಂದು ಫೋನು ಮಾಡಿದಳು.

ಧೂಳಮ್ಮನಿಗೆ ಸಮಾಧಾನಕ್ಕಿಂತ ಗಾಬರಿಯೇ ಹೆಚ್ಚಾಯಿತು. ಸಂಘದ ಸಭೆಯಲ್ಲಿ ಅವಳು ಬಂದು ಕೂತರೆ ಕೆಲವರು ಚಾಪೆ ಸರಿಸಿಕೊಳ್ಳುತ್ತಿದ್ದರು. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಸೆರಗಿನ ತುದಿ ಮೂಗಿಗೆ ಹೋಗುತ್ತಿತ್ತು, ಅಷ್ಟೆ. ಈಗ ದೊಡ್ಡ ಮನುಷ್ಯರು ದೊಡ್ಡಿಗೇ ಬಂದು ಈ ಹೊಲಸು ನೋಡುವುದೇ?

ಬೆಳಿಗ್ಗೆ ಎದ್ದವಳೇ ದೊಡ್ಡಿ ಬಳಿದಳು. ಲದ್ದಿಯನ್ನೆಲ್ಲ ತಿಪ್ಪೆಗೆ ಹಾಕಿದಳು. ಆರು ಮರಿಗಳ ಹಿಂಭಾಗ ತೊಳೆದು ಒರೆಸಿದಳು. ಹೋದ ವರ್ಷ ಉಳಿದಿದ್ದ ಔಷಧಿಯ ಬಾಟಲಿ ತೆಗೆದು ಒಂದೊಂದಕ್ಕೆ ಎರಡೆರಡು ಹನಿ ಹಾಕಿದಳು. ಏಳನೆಯದು ಎಲ್ಲಕ್ಕಿಂತ ಸಣ್ಣದು. ಎಷ್ಟು ಒರೆಸಿದರೂ ಮತ್ತೆ ಸೋರುತ್ತಿತ್ತು. ಬದುಕುವ ಮರಿಯಲ್ಲ ಎಂದುಕೊಂಡು, ಅದಕ್ಕೆ ಔಷಧಿಯನ್ನೂ ಹಾಕದೆ ಬುಟ್ಟಿಯ ಕೆಳಗೆ ಮುಚ್ಚಿ ಮೇಲೆ ಗೋಣಿಚೀಲ ಎಳೆದಳು.

ರತ್ನಮಾಲಾ ಬಂದಳು. ಜೊತೆಗೆ ಹುಮನಾಬಾದಿನ ಪಶುವೈದ್ಯ ಸಂಜೀವಕುಮಾರ, ಕೈಯಲ್ಲಿ ಮಂಜುಗಡ್ಡೆಯ ಡಬ್ಬಿ.

ದೊಡ್ಡಿ ನೋಡಿ ರತ್ನಮಾಲಾ ಹಣೆ ಬಡಿದುಕೊಂಡಳು. "ಅಯ್ಯ ಮೌಶಿ! ನಾವು ಬಂದಿದ್ದೇ ಆ ಭೇದಿ ಸಲುವಾಗಿ. ಅದನ್ನೇ ತೊಳದು ಬಿಟ್ರಲ್ರಿ!"

"ಹಂದಿ ಹೇಲು ಒಯ್ಯಲಾಕ ಡಾಕ್ಟರ್ ಬರ್ತಾರಂತ ನನಗೇನ್ ಗೊತ್ತವ್ವ?"

ಧೂಳಮ್ಮನ ಗಂಡ ಕಲ್ಲಿನಾಥ ಕಟ್ಟೆಯ ಮೇಲೆ ಕೂತೇ ನಕ್ಕ. "ಹುಮನಾಬಾದ ದವಾಖಾನ್ಯಾಗ ಮನಷ್ಯಾರೇ ಪಾಳಿ ಹಚ್ಚಿ ನಿಂದರ್ತಾರ. ಇನ್ನ ಹಂದಿಗೂ ಲ್ಯಾಬೇನು? ಭೇದಿ ಅಂದ್ರ ಭೇದಿ. ಹೋದ ವರ್ಷ ಅದೇ ದವಾಕ್ಕ ಆರಾಮಾಗಿತ್ತು, ಈ ವರ್ಷ ಯಾಕ ಆಗಂಗಿಲ್ಲ?"

ವೈದ್ಯರು ಕೇಳಿದರು: "ಕಲ್ಲಿನಾಥ, ಹುಡಗಿ ಊರಾಗ ನಿಂತು 'ಬಸವಣಪ್ಪಾ' ಅಂತ ಒದರಿದ್ರ ಎಷ್ಟು ಮಂದಿ ಹೊಳ್ಳಿ ನೋಡ್ತಾರ?"

"ಹತ್ತು ಮಂದಿ ನೋಡ್ತಾರ್ರಿ."

"ಹತ್ತೂ ಮಂದಿ ಒಂದೇ ಏನು?"

"ಎಲ್ಲಿ ಮಾತ್ರಿ! ಒಬ್ಬ ದೇವರಂಥಾವ, ಮತ್ತೊಬ್ಬ ಕೋಳಿ ಕಳ್ಳ."

"ರೋಗಾಣುನೂ ಹಂಗೇ. ಹೆಸರು ಒಂದೇ, ಅದರಾಗ ಬಗಿ ನೂರಾರು. ಕೆಲವು ಹೊಟ್ಟ್ಯಾಗ ಸುಮ್ನ ಇರ್ತಾವ. ಕೆಲವು ಕರುಳಿಗಿ ಅಂಟಿ ವಿಷಾ ಕಾರ್ತಾವ. ಒಂದು ಬಗಿಗಿ ನಾಟೋ ದವಾ ಇನ್ನೊಂದಕ್ಕ ನಾಟಂಗಿಲ್ಲ. ಯಾವ ಬಸವಣಪ್ಪ ಅಂತ ಗುರುತು ಹಿಡೀದೆ ಯಾರನ್ನ ಹಿಡೀತಿ? ದವಾ ಹಾಕೋ ಮೊದಲೇ ಮಾದರಿ ತಗೋಬೇಕು. ಹಾಕಿದ ಮ್ಯಾಲ ತಗೊಂಡ್ರ ಲ್ಯಾಬಿನಾಗ ರೋಗಾಣು ಬೆಳಿಯೋದು ಕಷ್ಟ."

ಧೂಳಮ್ಮನ ಕಣ್ಣು ಗೋಣಿಚೀಲದ ಕಡೆಗೆ ಹೋಯಿತು. ಎಲ್ಲರೆದುರು ಅದನ್ನು ಎತ್ತುವುದೆಂದರೆ ತನ್ನ ಮೈಮೇಲಿನ ಸೆರಗನ್ನೇ ಸರಿಸಿದಂತೆ ಅನಿಸಿತು. ಅವ್ವ ನೆನಪಾದಳು. ಆಮೇಲೆ ಸಾಕ್ಷಿ.

"ಇನ್ನೊಂದು ಅದರಿ," ಎಂದಳು ಮೆಲ್ಲಗೆ. "ಭಾಳ ಹೊಲಸಾಗ್ಯದ. ಅದಕ್ಕ ದವಾ ಹಾಕಿಲ್ಲ."

ಬುಟ್ಟಿ ಎತ್ತಿದಳು. ವೈದ್ಯರು ಮೂಗು ಮುಚ್ಚಿಕೊಳ್ಳಲಿಲ್ಲ. ಕೈಗವಸು ಹಾಕಿಕೊಂಡು ಮೊಣಕಾಲೂರಿ ಕೂತರು. ಹತ್ತಿ ಸುತ್ತಿದ ಕಡ್ಡಿಯಿಂದ ಮರಿಯ ಗುದದ್ವಾರದಲ್ಲೇ ಮಾದರಿ ತೆಗೆದು, ನಳಿಕೆಗೆ ಹಾಕಿ, ಹೆಸರು, ಊರು, ತಾರೀಖು ಬರೆದು ಮಂಜುಗಡ್ಡೆಯಲ್ಲಿಟ್ಟರು. "ಶಾಣ್ಯಾ ಇದ್ದೀಯವ್ವ, ಇದನ್ನ ಉಳಿಸಿದಿ" ಎಂದರು. ಧೂಳಮ್ಮ ನೆಲ ನೋಡಿದಳು. ಉಳಿಸಿದ್ದಲ್ಲ, ಬಚ್ಚಿಟ್ಟಿದ್ದು ಎಂದು ಅವಳಿಗೆ ಗೊತ್ತಿತ್ತು.

ಮಾದರಿ ಬೀದರಿನ ಪ್ರಯೋಗಾಲಯಕ್ಕೆ ಹೋಯಿತು. ವರದಿ ಬರುವವರೆಗೆ ವೈದ್ಯರು ಹೇಳಿದಂತೆ ಧೂಳಮ್ಮ ಮರಿಗಳಿಗೆ ಉಪ್ಪು-ಸಕ್ಕರೆಯ ಪುಡಿ ಕಲಸಿದ ನೀರು ಕುಡಿಸಿದಳು, ಒಣ ಹುಲ್ಲು ಹಾಸಿ ಬೆಚ್ಚಗಿಟ್ಟಳು. ಬುಟ್ಟಿಯ ಮರಿ ಮರುದಿನ ಸತ್ತಿತು. ಹಳ್ಳಕ್ಕೆ ಎಸೆಯದೆ, ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದಳು. ಇನ್ನೊಂದೂ ಹೋಯಿತು.

ನಾಲ್ಕನೆಯ ದಿನ ರತ್ನಮಾಲಾ ವರದಿ ತಂದಳು. ರೋಗಾಣುವಿನ ಬಗೆ ಗೊತ್ತಾಗಿತ್ತು. ಹಳೆಯ ಬಾಟಲಿಯ ಔಷಧಿಗೆ ಅದು ಬಗ್ಗುವಂಥದ್ದಲ್ಲ. ಬೇರೊಂದಕ್ಕೆ ಬಗ್ಗುತ್ತದೆ.

"ಮತ್ತೊಂದು ಮಾತು," ಎಂದಳು. "ಹೋದ ತಿಂಗಳು ಬಸವಕಲ್ಯಾಣದ ಕಡಿ ಒಂದು ಹಿಂಡಿನಾಗ ಇದೇ ಬಗಿ ಸಿಕ್ಕಿತ್ತಂತ. ಆ ಕಡಿಂದ ನೀವೇನಾರ ತಂದೀರೇನು?"

ಧೂಳಮ್ಮ ಗಂಡನ ಮುಖ ನೋಡಿದಳು. ತಿಂಗಳ ಹಿಂದೆ ಅಲ್ಲಿಂದ ಗಂಡುಹಂದಿ ತಂದವನು ಅವನೇ. ತಂದ ದಿನವೇ ಕರಿಹಂದಿಯ ದೊಡ್ಡಿಗೆ ಬಿಟ್ಟಿದ್ದ.

"ಈಗ ಯಾಕ ನಗವಲ್ರಿ?" ಎಂದಳು.

ಕಲ್ಲಿನಾಥ ತಲೆ ಕೆರೆದುಕೊಂಡ. ಆ ಸಂಜೆಯೇ ಗಂಡುಹಂದಿಗೆ ಬೇರೆ ದೊಡ್ಡಿ ಕಟ್ಟಿದ. ಹೊಸ ಔಷಧಿಯನ್ನು ಹೇಳಿದಷ್ಟೂ ದಿನ, ಒಂದು ಹೊತ್ತೂ ತಪ್ಪದಂತೆ ಅವನೇ ಹಾಕಿದ. ಐದು ಮರಿ ಉಳಿದವು. ಅದರಲ್ಲಿ ಎರಡು ಹೆಣ್ಣು.

ಸಾಕ್ಷಿಯ ಲಗ್ನವಾಗಿ, ಮರಿಗಳಿಗೆ ಎರಡು ತಿಂಗಳು ತುಂಬಿ, ವೈದ್ಯರು ನೋಡಿ ಹೂಂ ಎಂದ ಮೇಲೆ ಒಂದು ಹೆಣ್ಣುಮರಿ ಬಸವಕಲ್ಯಾಣಕ್ಕೆ ಹೊರಟಿತು. "ಹೋದ ಕೂಡ್ಲೇ ಹಿಂಡಿಗಿ ಬಿಡಬ್ಯಾಡ. ಮೂರು ನಾಕು ವಾರ ಬ್ಯಾರೆ ಇಡು," ಎಂದು ಧೂಳಮ್ಮ ಮಗಳಿಗೆ ಹೇಳಿಕೊಟ್ಟಳು. ಮರಿಯನ್ನು ಇಟ್ಟಿದ್ದು ಅದೇ ಬುಟ್ಟಿಯಲ್ಲಿ. ಈ ಸಲ ಬುಟ್ಟಿಯ ಬಾಯಿ ಮೇಲಕ್ಕಿತ್ತು.

ಅಕ್ಕ-ತಂಗಿಯರೇ, ನಿಮ್ಮ ಹಂದಿಗಳಿಗೆ ರೋಗ ಬಂದರೆ ಹಳೆಯ ಬಾಟಲಿಗೆ ಕೈ ಹಾಕಬೇಡಿ. ಮೊದಲು ಪಶುಸಖಿಗೋ ಪಶು ಆಸ್ಪತ್ರೆಗೋ ಫೋನು ಮಾಡಿ. ಮಾದರಿ ತೆಗೆಯುವವರೆಗೆ ರೋಗದ ಮರಿಯನ್ನು ತೊಳೆಯಬೇಡಿ. ಅದನ್ನು ಮುಟ್ಟಿದ ನಿಮ್ಮ ಕೈಯನ್ನು ಮಾತ್ರ ಸಾಬೂನಿನಿಂದ ತಪ್ಪದೆ ತೊಳೆಯಿರಿ. ಸಂಕೋಚ ಬೇಡ. ನೀವು ನಾಚಿ ಮುಚ್ಚಿಟ್ಟದ್ದರಲ್ಲೇ ಉಳಿದ ಮರಿಗಳ ಜೀವವಿರಬಹುದು. ಬುಟ್ಟಿ ಎತ್ತಿ ತೋರಿಸಿ.