ಬಕ್ಕಪ್ಪನ ಹೊಲದ ಹೊದಿಕೆ

ಕಬ್ಬು ಕಡಿದು ಮುಗಿದ ವಾರವೇ ಬಕ್ಕಪ್ಪ ಹುಮನಾಬಾದಿನ ದವಾಖಾನೆಯಲ್ಲಿ ತೀರಿಕೊಂಡ. ಮೋರಖಂಡಿಯ ಅವನ ಹೊಲದ ಅಂಚಿನಲ್ಲೇ ಮಣ್ಣು ಮಾಡಿದರು. ಗುಣಿ ತೋಡುವಾಗ ಪಕ್ಕದ ಹೊಲದ ಗುರುಲಿಂಗ ಸಲಿಕೆ ನಿಲ್ಲಿಸಿ, "ಅಣ್ಣನ ಮಣ್ಣು ಬೆಣ್ಣಿಯಂಗ ಅದ ನೋಡ್ರಿ" ಎಂದಿದ್ದ. ಹೆಂಡತಿ ತುಳಜಾಬಾಯಿಗೆ ಆ ದಿನ ತುಸು ಸಮಾಧಾನ ತಂದ ಮಾತು ಅದೊಂದೇ.

ಕಬ್ಬಿನ ಒಣಗರಿಯನ್ನು ಊರವರು ರವದಿ ಎನ್ನುತ್ತಾರೆ. ಎಲ್ಲರೂ ಅದನ್ನು ಸುಟ್ಟರೆ ಬಕ್ಕಪ್ಪ ಸಾಲುಗಳ ನಡುವೆ ಹಾಸಿಬಿಡುತ್ತಿದ್ದ. ಅದರಡಿ ತೇವ ಆರುತ್ತಿರಲಿಲ್ಲ, ಎರೆಹುಳು ಹೆಚ್ಚಿದ್ದವು. ಉಳಿದವರು ಬಿಡುವ ನೀರಿನಲ್ಲಿ ಅರ್ಧ ಅವನಿಗೆ ಸಾಕಾಗುತ್ತಿತ್ತು.

"ಹೊಲಕ್ಕ ಜ್ವರ ಬಂದದೇನಣ್ಣಾ, ಚಾದರ ಹೊಚ್ಚೀದಿ?" ಎಂದು ಗುರುಲಿಂಗ ಚೇಷ್ಟೆ ಮಾಡುತ್ತಿದ್ದ.

"ನಿನಗ ಥಂಡಿ ಆದ್ರ ನೀನೂ ಬಂದು ಮಲ್ಕೋ" ಎನ್ನುತ್ತಿದ್ದ ಬಕ್ಕಪ್ಪ.

ಸಾವಾದ ಮನೆಯವರು ಹೊಲಕ್ಕೆ ಹೋಗದ ದಿನಗಳಲ್ಲಿ ಅವರ ಕೆಲಸವನ್ನು ನೆರೆಯವರೇ ತೂಗಿಸುವುದು ಅವರ ಓಣಿಯ ರೂಢಿ. ಕಾರ್ಯ ಮುಗಿದ ಮರುದಿನ ತುಳಜಾಬಾಯಿ ಹೋದಾಗ ಹೊಲವೆಲ್ಲ ಕಪ್ಪಾಗಿತ್ತು. ಬೂದಿಯ ಮೇಲೆ ನೀರು ಮಡುಗಟ್ಟಿತ್ತು.

ಬದುವಿನ ಮೇಲೆ ಕುಳಿತಿದ್ದ ಗುರುಲಿಂಗ ಎದ್ದು ಬಂದ. ಹುಬ್ಬು ಸುಟ್ಟಿತ್ತು, ಅಂಗೈಯಲ್ಲಿ ಬೊಬ್ಬೆ. ಬಕ್ಕಪ್ಪನನ್ನು ಹೂತ ಗದ್ದುಗೆಗೆ ಝಳ ತಾಗದಿರಲೆಂದು ಸುತ್ತ ಹಸಿ ಮಣ್ಣು ಏರಿಸಿದ್ದ.

"ನಿಮಗ ತ್ರಾಸ ಆಗಬಾರ್ದಂತ ನಾವೇ ರವದಿ ಸುಟ್ಟು ಸಾಫ್ ಮಾಡೀವ್ರಿ ವೈನಿ. ನೀರೂ ಭರ್ತಿ ಬಿಟ್ಟೀವಿ."

ಅವಳು ಕುಕ್ಕರಗಾಲಿನಲ್ಲಿ ಕುಳಿತು ಬೂದಿ ಸರಿಸಿದಳು. ಮೇಲ್ಮಣ್ಣು ಬೆಂದು ಹೆಂಟೆಗಟ್ಟಿತ್ತು.

"ಕೈಗೇನರ ಹಚ್ಚೀದ್ಯೋ?"

"ಮಾಯ್ತದ ಬಿಡ್ರಿ."

ಸುಮ್ಮನೆ ಮನೆಗೆ ಹೋಗಿಬಿಡೋಣ ಎನಿಸಿತು ಅವಳಿಗೆ. ಆದರೆ ಸುಮ್ಮನಿದ್ದರೆ ಬರುವ ವರ್ಷವೂ ಇವನು ಇಷ್ಟೇ ಪ್ರೀತಿಯಿಂದ ಸುಡುತ್ತಾನೆ.

"ಮುಂದಿನ ಸಲ ಸುಡಬ್ಯಾಡ ತಮ್ಮಾ. ರವದಿ ಮಣ್ಣಿಗೇ ಇರ್ಲಿ ಅಂತ ಬಿಡ್ತಿದ್ರು ಅವ್ರು. ಅದಕ್ಕೇ ಬೆಣ್ಣಿಯಂಗ ಇತ್ತು ಈ ಹೊಲ."

ಗುರುಲಿಂಗ ಸಲಿಕೆ ತಂದು, ನಿಂತ ನೀರು ಹರಿದುಹೋಗಲು ಒಡ್ಡು ಒಡೆಯತೊಡಗಿದ. ಬೊಬ್ಬೆ ಒಡೆದು ಹಿಡಿಕೆ ಒದ್ದೆಯಾಯಿತು. ತುಳಜಾಬಾಯಿ ಸಲಿಕೆ ಇಸಿದುಕೊಂಡು ತಾನೇ ಅಗೆದಳು.

"ಮತ್ತ ಮೊದ್ಲಿನಂಗ ಆಗಾಕ ಎಷ್ಟು ವರ್ಷ ಹಿಡೀತದ್ರಿ ವೈನಿ?" ಅವನು ಮೆಲ್ಲಗೆ ಕೇಳಿದ. "ಏನೇನು ಮಾಡ್ಬೇಕು?"

"ಅದು ಅವ್ರಿಗೇ ಗೊತ್ತಿತ್ತಪ್ಪ" ಎಂದಳು ತುಳಜಾಬಾಯಿ. "ನಾನೂ ಕೇಳಿರ್ಲಿಲ್ಲ."