ಪುನರ್ಪುಳಿಯ ಬಣ್ಣ

"ನೀನಾಗಿ ನಿಲ್ಲುವವರೆಗೆ ನಾನು ನಿನ್ನ ಓಟ ನಿಲ್ಲಿಸುವುದಿಲ್ಲ" ಎಂದು ಮಗಳಿಗೆ ನಾನು ಮಾತು ಕೊಟ್ಟದ್ದು ಕಾಪುವಿನ ಕಡಲ ಬದಿಯಲ್ಲಿ. ಆಗ ಹರ್ಷಿಣಿ ಏಳನೇ ಕ್ಲಾಸು. ದೊಡ್ಡವಳಾದ ಹುಡುಗಿ ಚಡ್ಡಿ ಹಾಕಿಕೊಂಡು ಮೈದಾನದಲ್ಲಿ ಓಡಿದ್ದು ಸಾಕು ಎಂದು ಅತ್ತೆ ಪಟ್ಟು ಹಿಡಿದಿದ್ದರು. ಬಹರೈನಿನಲ್ಲಿದ್ದ ಗಂಡ "ಅಮ್ಮ ಹೇಳಿದ ಹಾಗೆ ಮಾಡಿ" ಎಂದು ಫೋನ್ ಇಟ್ಟಿದ್ದರು. ದೀಪಸ್ತಂಭದ ಕೆಳಗೆ ಒದ್ದೆ ಮರಳಿನಲ್ಲಿ ನಿಂತು ಮಗಳು, "ಅವರೆಲ್ಲ ಹೇಳಿ ಆಯ್ತು. ನೀನು ಎಂತ ಹೇಳ್ತಿ?" ಎಂದು ಕೇಳಿದಳು. ಹೇಳಿದೆ. ಅವಳು ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು ಓಡಿದಳು.

ಅಲ್ಲಿಂದ ಈಚೆಗೆ ನನ್ನ ಬೆಳಗು ಅವಳ ಓಟದ ಸುತ್ತಲೇ ತಿರುಗಿತು. ನಮ್ಮ ಅಲೆವೂರಿನಿಂದ ಮೊದಲ ಬಸ್ಸಿಗೆ ಅವಳನ್ನು ಅಜ್ಜರಕಾಡಿನ ಮೈದಾನಕ್ಕೆ ಕಳಿಸುವುದು, ಆಮೇಲೆ ಮಣಿಪಾಲದ ಹಾಸ್ಟೆಲ್ ಮೆಸ್ಸಿನಲ್ಲಿ ನನ್ನ ಅಡುಗೆ ಕೆಲಸ. ಪಿಯುಸಿಗೆ ಬಂದ ಮೇಲೆ ಸುಕೇಶ್ ಅವಳಿಗೆ ಎಂಟು ನೂರು ಮೀಟರ್ ಕಲಿಸತೊಡಗಿದ. ಒಂದು ಕಾಲಕ್ಕೆ ತಾನೇ ಓಡುತ್ತಿದ್ದ ಹುಡುಗ, ಮಂಡಿ ಕೆಟ್ಟು ಕೋಚ್ ಆದವನು. ಒಳ್ಳೆಯವನೇ. ಕಾರ್ಕಳದ ಜಿಲ್ಲಾ ಕ್ರೀಡಾಕೂಟಕ್ಕೆ ತಿಂಗಳಿರುವಾಗ ಒಂದು ದೊಡ್ಡ ಕಪ್ಪು ಡಬ್ಬ ತಂದುಕೊಟ್ಟ. ಯಾವುದೋ ಜಿಮ್ಮಿನಲ್ಲಿ ತೆಗೆದದ್ದು. ಗುಲಾಬಿ ಬಣ್ಣದ ಪುಡಿ.

"ಇದು ಎಂತ ಮದ್ದು ಮಾರಾಯ?" ಎಂದು ಕೇಳಿದ್ದೆ.

"ಮದ್ದಲ್ಲ ಅಕ್ಕ, ಫುಡ್. ಇವತ್ತು ದಣಿದ ಸ್ನಾಯು ನಾಳೆ ಬೆಳಿಗ್ಗೆಗೆ ರೆಡಿ ಆಗ್ಲಿಕ್ಕೆ. ನಾನೂ ಕುಡೀತೇನೆ."

ನಿಜಕ್ಕೂ ರೆಡಿಯಾದಳು. ಮೊದಲೆಲ್ಲ ಜೋರು ಅಭ್ಯಾಸ ಮಾಡಿದ ಮಾರನೇ ದಿನ ಮೆಟ್ಟಿಲಿಳಿಯಲು ಗೊಣಗುತ್ತಿದ್ದವಳು ಈಗ ದಿನಾ ಎರಡು ಹೊತ್ತು ಓಡತೊಡಗಿದಳು. ದಣಿವೇ ಇಲ್ಲ. ನಿದ್ದೆಯೂ ಕಡಿಮೆ. ಕೊನೆಯ ವಾರ ಮಾತ್ರ ಒಮ್ಮೆ ಅಜ್ಜಿಯ ಹತ್ತಿರ ಹೋಗಿ, ಮೂತ್ರ ಕೆಂಪಗೆ ಹೋಗುತ್ತದೆ ಎಂದಳು.

"ಉಷ್ಣ" ಎಂದರು ಅತ್ತೆ. ನಮ್ಮಲ್ಲಿ ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ. "ಅದರ ಮೇಲೆ ಪುನರ್ಪುಳಿ ಕುಡೀತಾಳಲ್ವಾ, ಕೆಂಪಗೆ ಹೋಗದೆ ಹಸಿರು ಹೋಗ್ತದಾ?"

ಅಲ್ಲೇ ಇದ್ದ ನಾನೂ ಸೇರಿ ಮೂವರೂ ನಕ್ಕೆವು. ಉಷ್ಣಕ್ಕೆ ಪುನರ್ಪುಳಿಯೇ ಒಳ್ಳೆಯದೆಂದು ನಾನು ಆ ಕೆಂಪು ಹುಳಿಹಣ್ಣಿನ ಒಣ ಸಿಪ್ಪೆ ಇನ್ನಷ್ಟು ನೆನೆಹಾಕಿ, ಬೆಲ್ಲ ಹಾಕಿ, ದೊಡ್ಡ ಬಾಟಲಿಯಲ್ಲೇ ಶರಬತ್ತು ಕೊಡತೊಡಗಿದೆ. ದಿನಾ ಬಾಟಲಿ ಖಾಲಿಯಾಗಿ ಬರುತ್ತಿತ್ತು.

ಕಾರ್ಕಳದಲ್ಲಿ ಬೆಳಿಗ್ಗೆ ಹೀಟ್ಸ್, ಮಧ್ಯಾಹ್ನ ಫೈನಲ್. ಫೈನಲಿನಲ್ಲಿ ಮೊದಲ ಇಬ್ಬರು ರಾಜ್ಯಮಟ್ಟಕ್ಕೆ. ಹೀಟ್ಸಿನಲ್ಲಿ ಹರ್ಷಿಣಿ ಎಲ್ಲರಿಗಿಂತ ಮುಂದೆ ಬಂದಳು. ಆದರೆ ಗೆರೆ ದಾಟಿದ ಮೇಲೆ ಅವಳು ನಡೆದ ರೀತಿ ನನಗೆ ಸರಿ ಕಾಣಲಿಲ್ಲ. ಮರದ ಕಾಲು ಕಟ್ಟಿಕೊಂಡವರ ಹಾಗೆ ನಡೆಯುತ್ತಿದ್ದಳು. ಸುಕೇಶ್ ತೊಡೆಗೆ ಸ್ಪ್ರೇ ಹೊಡೆದು, ಶೇಕರಿನಲ್ಲಿ ಪುಡಿ ಅಲ್ಲಾಡಿಸಿ ಕೊಟ್ಟ. ಕುಡಿದಳು.

ಸ್ವಲ್ಪ ಹೊತ್ತಿಗೆ ಶೌಚಾಲಯಕ್ಕೆ ಹೋದವಳು ಒಳಗಿಂದ "ಅಮ್ಮ" ಎಂದು ಕರೆದಳು. ಸಣ್ಣ ದನಿ. ಬಾಗಿಲಿನ ಚಿಲಕ ತೆಗೆದೇ ಇತ್ತು. ಕುಕ್ಕರುಗಾಲಿನಲ್ಲಿ ಕೂತವಳಿಗೆ ಏಳಲಾಗುತ್ತಿರಲಿಲ್ಲ. ಎರಡು ಕೈಯಲ್ಲಿ ಗೋಡೆ ಹಿಡಿದುಕೊಂಡಿದ್ದಳು. ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ತೊಡೆ ಮುಟ್ಟಿದರೆ ಕಲ್ಲು. ಎತ್ತುವಾಗ ಕೆಳಗೆ ನೋಡಿದೆ. ಕೆಂಪಲ್ಲ. ಹಾಲು ಹಾಕದ ಕಡು ಚಹಾದ ಬಣ್ಣ.

"ಎಂತ ಇದು?"

"ಪುನರ್ಪುಳಿ ಅಮ್ಮ. ಅಜ್ಜಿ ಹೇಳಿದ್ರಲ್ವಾ."

"ಹೌದು" ಎಂದೆ. ಹೊರಗೆ ಕರೆದುಕೊಂಡು ಬಂದು ನೆರಳಿನಲ್ಲಿ ಕೂರಿಸಿದೆ. ಗಂಟಲು ಒಣಗಿದೆ ಎಂದಳು. ಬೆಳಿಗ್ಗೆ ನಾನು ತುಂಬಿಸಿಕೊಟ್ಟ ಬಾಟಲಿ ತೆಗೆಯಲು ಅವಳ ಚೀಲದ ಝಿಪ್ ಎಳೆದೆ. ಬಾಟಲಿ ಭಾರವಿತ್ತು. ಮುಚ್ಚಳ ತೆಗೆದರೆ ಕತ್ತಿನವರೆಗೆ ಶರಬತ್ತು, ಒಂದು ಗುಟುಕೂ ಕಡಿಮೆಯಾಗಿರಲಿಲ್ಲ.

"ಇವತ್ತು ಕುಡಿಯಲಿಲ್ವಾ?"

ಅವಳು ಇಲ್ಲ ಎಂದು ತಲೆಯಾಡಿಸಿದಳು.

"ನಿನ್ನೆ?"

"ಬೈಬೇಡ" ಎಂದಳು. "ಪೌಡರಿನ ಜೊತೆ ಹುಳಿ ಬೇಡ ಅಂತ ಸರ್ ಹೇಳಿದ್ರು. ಡಬ್ಬ ತಂದ ದಿನದಿಂದ ಕುಡಿಯಲಿಲ್ಲ. ನೀನು ನಿದ್ದೆ ಬಿಟ್ಟು ಮಾಡಿಕೊಡ್ತಿ, ಬೇಡ ಅಂತ ಹೇಗೆ ಹೇಳುವುದು? ಮೈದಾನದ ದಾಸವಾಳದ ಬುಡಕ್ಕೆ ಚೆಲ್ತಿದ್ದೆ."

ಒಳಗೆ ನೋಡಿದ್ದು ಎಂತ ಎಂದು ನನಗೆ ಗೊತ್ತಿರಲಿಲ್ಲ. ಅದು ಪುನರ್ಪುಳಿ ಅಲ್ಲ ಎನ್ನುವುದು ಮಾತ್ರ ಗೊತ್ತಾಯಿತು.

ಸುಕೇಶ್ ನಂಬರ್ ಚೀಟಿ ಹಿಡಿದುಕೊಂಡು ಬಂದ. "ಫೈನಲಿನವರನ್ನು ಕಾಲ್ ರೂಮಿಗೆ ಕರೀತಿದ್ದಾರೆ. ಏಳು ಮಗಾ."

"ಅವಳಿಗೆ ಏಳ್ಲಿಕ್ಕೆ ಆಗುವುದಿಲ್ಲ ಸುಕೇಶ್."

"ಕ್ರ್ಯಾಂಪ್ಸ್ ಅಕ್ಕ. ವಾರ್ಮಪ್ ಆದ್ರೆ ಬಿಡ್ತದೆ."

ಬಣ್ಣದ ವಿಷಯ ಹೇಳಿದೆ. ಅವನ ಮುಖ ಒಂದು ಗಳಿಗೆ ಬಿಳಿಚಿತು. ಮತ್ತೆ ಅವನೇ ಸಮಾಧಾನ ಹೇಳಿಕೊಂಡ. "ನೀರು ಕಡಿಮೆಯಾದದ್ದು. ಇಲ್ಲದಿದ್ರೆ ಉಷ್ಣ. ಇನ್ನು ಎರಡು ಸುತ್ತು ಅಲ್ವಾ? ಓಡಿದ ಮೇಲೆ ಡಾಕ್ಟರಿಗೆ ತೋರಿಸುವ. ಈಗ ಹೋದ್ರೆ ಈ ವರ್ಷ ಹೋಯ್ತು."

ಹರ್ಷಿಣಿ ಅವನ ಭುಜ ಹಿಡಿದು ಎದ್ದು ನಿಂತಿದ್ದಳು. ತುಟಿ ಕಚ್ಚಿಕೊಂಡು ಒಂದು ಹೆಜ್ಜೆ ಇಟ್ಟಳು. ಇನ್ನೊಂದು. "ನೋಡು, ಆಗ್ತದೆ" ಎಂದಳು. ಮೈಕಿನಲ್ಲಿ ಅವಳ ಹೆಸರು ಕೇಳಿಸಿತು. ಇವಳು ಓಡುತ್ತಾಳೆ, ಬಿದ್ದರೂ ತೆವಳಿಕೊಂಡು ಗೆರೆ ಮುಟ್ಟುತ್ತಾಳೆ ಎಂದು ನನಗೆ ಗೊತ್ತಿತ್ತು. ಅವಳಾಗಿ ನಿಲ್ಲುವವಳಲ್ಲ.

ನಾನು ಅವರಿಬ್ಬರನ್ನು ದಾಟಿ ಶಾಮಿಯಾನದ ಕೆಳಗಿನ ಮೇಜಿಗೆ ಹೋದೆ. ಅಲ್ಲಿದ್ದ ಮೇಷ್ಟ್ರ ಹತ್ತಿರ, "ನನ್ನ ಮಗಳು ಫೈನಲ್ ಓಡುವುದಿಲ್ಲ, ಹೆಸರು ತೆಗೀರಿ" ಎಂದೆ.

"ಎಂತ ಅಮ್ಮ, ಹೀಟ್ಸಲ್ಲಿ ಫಸ್ಟ್ ಬಂದವಳಲ್ವಾ? ಅವಳೇ ಹೇಳಲಿ."

"ಅವಳು ಹೇಳುವುದಿಲ್ಲ. ನಾನು ಹೇಳ್ತಿದ್ದೇನೆ."

ಹರ್ಷಿಣಿ ನನ್ನ ಹಿಂದೆ ಬಂದು ನಿಂತಿದ್ದಳು. "ಅಮ್ಮ" ಎಂದಳು, "ಕಾಪುವಿನಲ್ಲಿ ನೀನು ಎಂತ ಹೇಳಿದ್ದೆ?"

"ನೆನಪುಂಟು" ಎಂದೆ. ಮೇಷ್ಟ್ರು ನಮ್ಮಿಬ್ಬರನ್ನೂ ನೋಡಿ, ಪೆನ್ನೆತ್ತಿ ಅವಳ ಹೆಸರಿನ ಮೇಲೆ ಗೆರೆ ಎಳೆದರು.

ಸುಕೇಶನ ಕಾರಿನಲ್ಲೇ ಮಣಿಪಾಲದ ಆಸ್ಪತ್ರೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಮಗಳು ಮುಖ ತಿರುಗಿಸಿ ಕೂತಿದ್ದಳು. ರಸ್ತೆಯ ಪ್ರತಿ ಗುಂಡಿಗೂ ಅವಳ ಬಾಯಿಂದ ಸಣ್ಣ ಶಬ್ದ ಬರುತ್ತಿತ್ತು. ಪರ್ಕಳದ ಏರಿನಲ್ಲಿ ವಾಂತಿ ಮಾಡಿದಳು. ಸುಕೇಶ್ ಹಾರ್ನ್ ಮೇಲೆ ಇಟ್ಟ ಕೈ ತೆಗೆಯಲಿಲ್ಲ.

ಮಣಿಪಾಲದಲ್ಲಿ ರಕ್ತ ಪರೀಕ್ಷೆ ಆದ ಮೇಲೆ ಡಾಕ್ಟರ್ ಕ್ಲಾರಾ ಹೊರಗೆ ಬಂದರು. ಸ್ನಾಯು ಒಡೆದು ರಕ್ತಕ್ಕೆ ಸೇರಿದೆ, ಅದನ್ನು ಸೋಸಿ ಸೋಸಿ ಕಿಡ್ನಿ ಸೋತಿದೆ ಎಂದರು. ಎರಡು ಬಾಟಲಿ ಸಲೈನ್ ಒಟ್ಟಿಗೆ ಹಾಕಿದ್ದರು.

"ಆ ಪುಡಿಯಲ್ಲಿ ಎಂತೆಂತ ಉಂಟೋ, ಲ್ಯಾಬಿಗೆ ಕಳಿಸಿದ್ರೇ ಗೊತ್ತಾಗುವುದು. ಸ್ನಾಯು ರಿಪೇರಿ ಆಗುವುದು ನಿದ್ದೆಯಲ್ಲಿ, ಊಟದಲ್ಲಿ, ಓಡದೇ ಇರುವ ದಿನದಲ್ಲಿ. ಈ ಪುಡಿ ದಣಿವು ಗೊತ್ತಾಗದ ಹಾಗೆ ಮಾಡಿದ ಹಾಗೆ ಕಾಣ್ತದೆ, ಅಷ್ಟೇ."

"ಫೈನಲ್ ಓಡಿದ್ದರೆ?" ಎಂದು ಸುಕೇಶ್ ಕೇಳಿದ.

"ಓಡಲಿಲ್ಲವಲ್ಲ" ಎಂದರು ಅವರು. ಆಮೇಲೆ ಅವನ ಮುಖ ನೋಡಿ, "ನೀವೂ ಕುಡೀತೀರಾ? ಹಾಗಾದ್ರೆ ನೀವೂ ಮೂತ್ರ ಕೊಟ್ಟು ಹೋಗಿ" ಎಂದರು. ಅವನು ಸಣ್ಣ ಡಬ್ಬಿ ಹಿಡಿದುಕೊಂಡು ಕಾರಿಡಾರಿನಲ್ಲಿ ತಲೆ ತಗ್ಗಿಸಿ ನಡೆದ.

ಅತ್ತೆ ಫೋನ್ ಮಾಡಿ ಕೇಳಿದರು. ಹೇಳಿದೆ. "ಉಷ್ಣ ಅಂತ ನಾನಲ್ವಾ ಹೇಳಿದ್ದು" ಎಂದರು. "ನಾವು ಮೂವರೂ ನಕ್ಕದ್ದು" ಎಂದೆ.

ಮೂರನೇ ದಿನಕ್ಕೆ ಬಣ್ಣ ತಿಳಿಯಾಯಿತು. ಡಯಾಲಿಸಿಸ್ ಬೇಕಾಗಲಿಕ್ಕಿಲ್ಲ ಎಂದರು. ಹರ್ಷಿಣಿ ನರ್ಸಮ್ಮನ ಹತ್ತಿರ ಮಾತಾಡುತ್ತಾಳೆ, ಅಜ್ಜಿಯ ಹತ್ತಿರ ಫೋನಿನಲ್ಲಿ ನಗುತ್ತಾಳೆ. ನಾನು ಗಂಜಿ ತಿನ್ನಿಸಿದರೆ ಬಾಯಿ ತೆರೆಯುತ್ತಾಳೆ, ಮಾತಿಗೆ ತೆರೆಯುವುದಿಲ್ಲ. ಯಾವಾಗ ಮತ್ತೆ ಓಡಬಹುದೆಂದು ಡಾಕ್ಟರು ಇನ್ನೂ ಹೇಳಿಲ್ಲ.

ಅವಳಾಗಿ ನಿಲ್ಲುವವರೆಗೆ ನಿಲ್ಲಿಸುವುದಿಲ್ಲ ಎಂದಿದ್ದೆ. ಅವಳು ನಿಲ್ಲಲಿಲ್ಲ. ನಾನು ನಿಲ್ಲಿಸಿದೆ. ಮಾತು ಮುರಿಯಿತು.