ಪ್ರೊಕೊಲೊನ ಮೂರು ದಿನದ ಚೀಲಗಳು

ಆ ವರ್ಷ ಇಟಲಿಯ ಕಡಲೂರು ಪೊಟ್ಸುವೊಲಿಯಲ್ಲಿ, ಒಳಗಿನ ಜ್ವಾಲಾಮುಖಿಯ ಒತ್ತಡಕ್ಕೆ ನೆಲ ಮತ್ತೊಂದು ಗೇಣು ಮೇಲೆದ್ದು, ಬಂದರಿನ ದೋಣಿಗಳು ಕೆಸರಿನ ಮೇಲೆ ಕುಳಿತುಬಿಟ್ಟಿದ್ದವು. ವಾರಕ್ಕೆರಡು ಸಲ ಮನೆ ನಡುಗುತ್ತಿತ್ತು. ಊರವರು ಕಾಫಿ ಬಟ್ಟಲನ್ನು ಒಂದು ಗಳಿಗೆ ಒತ್ತಿ ಹಿಡಿದು, ಬಿಟ್ಟ ಮಾತನ್ನು ಮುಂದುವರಿಸುತ್ತಿದ್ದರು.

ಪ್ರೊಕೊಲೊನಿಗೆ ಅದು ಒಗ್ಗಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಕಸರತ್ತು ಕಲಿಸಿ ನಿವೃತ್ತನಾದವನು. ಸೀಟಿ ಊದಿದರೆ ಜಗತ್ತು ಸಾಲಾಗಿ ನಿಲ್ಲುತ್ತದೆಂದು ನಂಬಿದ್ದವನು. ಊರು ಬಿಡಬೇಕಾಗಿ ಬಂದರೆ ಏನೇನು ಒಯ್ಯಬೇಕೆಂಬ ನಗರಸಭೆಯ ಕರಪತ್ರ ಓದಿ, ತಾನು, ಹೆಂಡತಿ, ಅತ್ತೆ ಮೂವರಿಗೂ ಮೂರು ದಿನಕ್ಕಾಗುವಷ್ಟು ಬಟ್ಟೆ, ನೀರು, ಔಷಧಿ, ಬಿಸ್ಕತ್ತು ತುಂಬಿದ ದೊಡ್ಡ ಚೀಲಗಳನ್ನು ಬಾಗಿಲ ಪಕ್ಕ ಒಂದರ ಮೇಲೊಂದು ಪೇರಿಸಿಟ್ಟ.

ಅತ್ತೆ ಫಿಲುಮೇನಾಗೆ ಎಂಬತ್ತೆರಡು. ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಬಂಡೆಯ ಮೇಲಿನ ಹಳೇ ಪೇಟೆಯನ್ನು ಸೈನಿಕರು ಒಂದೇ ದಿನದಲ್ಲಿ ಖಾಲಿ ಮಾಡಿಸಿದಾಗ ಮನೆ ಬಿಟ್ಟುಬಂದವಳು.

"ಅಳಿಯಂದಿರೇ, ಇದೇನು ದಂಡಯಾತ್ರೆಯೋ, ಮಧುಚಂದ್ರವೋ?" ಎಂದು ದಿನಾ ಕೆಣಕುತ್ತಿದ್ದಳು. "ಭೂಮಿತಾಯಿಗೆ ನಿಮ್ಮ ಸೀಟಿ ಕೇಳ್ಸುತ್ತಾ?"

"ನಗ್ತಾ ಇರಿ ಅತ್ತೆ. ಹೊತ್ತು ಬಂದಾಗ ಗೊತ್ತಾಗುತ್ತೆ," ಎನ್ನುತ್ತಿದ್ದ ಅವನು.

ಹೊತ್ತು ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಫಿಲುಮೇನಾ ಕೆಳಗೆ ಅಂಗಳದಲ್ಲಿ ಕುಳಿತು ಮೀನು ಹಸನು ಮಾಡುತ್ತಿದ್ದಳು. ನೆಲ ಗುಡುಗಿತು, ಮಹಡಿಯ ಮನೆಯಲ್ಲಿ ದೀಪದ ಬಲ್ಬು ಒಡೆಯಿತು, ಪೇರಿಸಿಟ್ಟ ಚೀಲಗಳು ಉರುಳಿ ಬಾಗಿಲಿಗೂ ಇಕ್ಕಟ್ಟಾದ ಓಣಿಯ ಎದುರು ಗೋಡೆಗೂ ನಡುವೆ ಬೆಣೆಯಂತೆ ಸಿಕ್ಕಿಕೊಂಡವು. ಬಾಗಿಲು ತೆರೆಯುವುದು ಒಳಮುಖವಾಗಿ. ಪ್ರೊಕೊಲೊ ಎಳೆದ, ಒದ್ದ, ಕೊನೆಗೆ ಸಂತರನ್ನು ಕರೆದ.

"ಊದ್ರೀ ಸೀಟಿ! ಚೀಲಗಳು ಸಾಲಾಗಿ ನಿಲ್ಲುತ್ವೇನೋ ನೋಡೋಣ!" ಎಂದು ಹೆಂಡತಿ ನುಂಜಿಯಾ ಅಳುತ್ತಲೇ ಕಿರುಚಿದಳು.

ಅವನು ನಿಜವಾಗಿಯೂ ಊದಿದ. ಅಂಗಳದಲ್ಲಿದ್ದ ಅತ್ತೆ ಅದನ್ನು ಕೇಳಿ, ಮೀನು ಮಾರುವ ಚಿರೊನನ್ನು ಮೇಲೆ ಅಟ್ಟಿದಳು. ಅವನು ಭುಜ ಕೊಟ್ಟು ಬಾಗಿಲ ಕೀಲನ್ನೇ ಕಿತ್ತ.

ಚೌಕದಲ್ಲಿ ಸೇರಿದ ನೆರೆಹೊರೆಯವರಿಗೆ ಚಿರೊ ಕಥೆಯನ್ನು ಎರಡೆರಡು ಸಲ ಹೇಳಿದ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಪ್ರೊಕೊಲೊ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ.

ಫಿಲುಮೇನಾ ಪಕ್ಕಕ್ಕೆ ಬಂದು ಕುಳಿತಳು. ಅವನು ಇನ್ನೊಂದು ಚುಚ್ಚುಮಾತಿಗೆ ಸಿದ್ಧನಾದ.

"ಎಪ್ಪತ್ತರಲ್ಲಿ ನನ್ನ ಗಂಡ ಹಿಂಗೇ ಗಂಟು ಕಟ್ಟೋಕೆ ಕೂತಿದ್ರು," ಎಂದಳು ಮೆಲ್ಲಗೆ. "ನಾನು ನಕ್ಕುಬಿಟ್ಟೆ. ಎರಡು ದಿನಕ್ಕೆ ಇಷ್ಟೆಲ್ಲ ಯಾಕ್ರೀ ಅಂದೆ. ಅವರು ಬಿಚ್ಚಿಟ್ರು. ಆಮೇಲೆ ಆ ಮನೆ ಹೊಸ್ತಿಲು ತುಳಿಯೋಕೆ ಯಾರೂ ಬಿಡಲಿಲ್ಲ. ಮದುವೆ ಪಟ ಕೂಡ ಅಲ್ಲೇ ಉಳೀತು."

ಪ್ರೊಕೊಲೊ ತಲೆ ಎತ್ತಿ ಅವಳ ಕಡೆ ತಿರುಗಿದ.

"ಚೀಲ ಕಟ್ಟು ಮಗನೇ," ಎಂದಳು. ಅವನನ್ನು ಹಾಗೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಆದರೆ ಬಾಗಿಲ ಹತ್ರ ಬೇಡ, ಕಾರಲ್ಲಿಡು. ಈ ಸಲ ನಾನೂ ಕೈ ಹಾಕ್ತೀನಿ."

ಮರುದಿನ ಅತ್ತೆ ಕೈ ಹಾಕಿದಳು. ತಾಮ್ರದ ಹಂಡೆ ಬಂತು, ಉಣ್ಣೆ ಹಾಸಿಗೆ ಬಂತು, ಟೊಮೆಟೊ ರಸದ ನಲವತ್ತು ಶೀಷೆ, ಗೋಡೆಯ ಮೇಲಿದ್ದ ಪಟಗಳೆಲ್ಲ ಬಂದವು. ಸಂಜೆಗೆ ಪುಟ್ಟ ಕಾರಿನ ಗಾಲಿಗಳು ಚಪ್ಪಟೆಯಾದವು. ಚಾಲಕನ ಪಕ್ಕದ ಸೀಟಿನಲ್ಲಿ ಹೊಲಿಗೆ ಯಂತ್ರ ಕುಳಿತಿತ್ತು.

"ಎಲ್ಲ ಸರಿ ಅತ್ತೆ, ನೀವೆಲ್ಲಿ ಕೂರ್ತೀರಿ?" ಎಂದ ಪ್ರೊಕೊಲೊ.

ಫಿಲುಮೇನಾ ಕಾರಿನೊಳಗೆ ಇಣುಕಿ ನೋಡಿ, ಸ್ವಲ್ಪ ಯೋಚಿಸಿದಳು.

"ನುಂಜಿಯಾನೂ ನಾನೂ ಬಸ್ಸಲ್ಲಿ ಬರ್ತೀವಿ," ಎಂದಳು. "ನೀನು ನಿಧಾನವಾಗಿ ಓಡಿಸು, ಶೀಷೆ ಒಡೆದಾವು."